ಪರಭಾಷೆಯ ಊರಿನಲ್ಲಿ ಚರ್ಮವೈದ್ಯರ ಭೇಟಿ

ನಾಗಪುರದ ಲಕ್ಷ್ಮೀ ನಗರದಲ್ಲಿ ಹೊಸದಾಗಿ ಸಂಸಾರ ಹೂಡಿದ ಕನ್ನಡ ಕುಟುಂಬಕ್ಕೆ ತರಕಾರಿ ಕೊಳ್ಳುವಷ್ಟು ಮರಾಠಿ ತಿಂಗಳೊಪ್ಪತ್ತಿನಲ್ಲಿ ಬಂದುಬಿಡುತ್ತದೆ. ಆಟೋರಿಕ್ಷಾದವನೊಡನೆ ಆಡಬೇಕಾದ ಹಿಂದಿಗೆ ಅಷ್ಟು ಕಾಲವೂ ಬೇಡ. ಆಠ್ ರಸ್ತಾ ಚೌಕದಲ್ಲಿ ಎಂಟು ದಾರಿಗಳು ಕೂಡುವುದನ್ನು ನೋಡಿದವರಿಗೆ 'ಆಠ್' ಎಂದರೆ ಎಂಟು ಎಂಬ ಪಾಠವನ್ನು ಬೇರೆಯಾಗಿ ಹೇಳಬೇಕಾದುದಿಲ್ಲ. ಸಮೀಪದಲ್ಲಿಯೇ ಇರುವ ತಂತ್ರಜ್ಞಾನ ಸಂಸ್ಥೆಯು ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಧರಿಸಿದೆ. 1960ರಲ್ಲಿ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಾಗಿ ಆರಂಭವಾಗಿ 2002ರಲ್ಲಿ ರಾಷ್ಟ್ರೀಯ ಸಂಸ್ಥೆಯ ಸ್ಥಾನವನ್ನು ಪಡೆದ ಆ ಫಲಕದ ಮುಂದೆ ಹಾದುಹೋಗುವಾಗ ಕನ್ನಡಿಗನಿಗೆ ತಾನು ತೀರ ಪರದೇಶಿಯಲ್ಲವೆಂಬ ಸಮಾಧಾನವೂ ಉಂಟಾಗುತ್ತದೆ.

ಆದರೆ ಸಂತೆಯ ಮರಾಠಿಯೇ ಬೇರೆ, ರೋಗದ ಮರಾಠಿಯೇ ಬೇರೆ. ಬದನೆಕಾಯಿಯ ಹೆಸರು ತಪ್ಪಿದರೆ ಬೆರಳು ತೋರಿಸಿ ಕೊಳ್ಳಬಹುದು. ನವೆಯನ್ನು, ಉರಿಯನ್ನು, ಮರಗಟ್ಟಿದುದನ್ನು ಬೆರಳು ತೋರಿಸಿ ಹೇಳಲು ಬಾರದು. ಚರ್ಮರೋಗವು ಕಣ್ಣಿಗೆ ಕಾಣತಕ್ಕದ್ದಾದುದರಿಂದ ಚರ್ಮವೈದ್ಯರಲ್ಲಿಗೆ ಹೋಗುವವನಿಗೆ ಭಾಷೆಯ ಅವಶ್ಯಕತೆ ಕಡಮೆ ಎಂದು ಅನೇಕರು ಭಾವಿಸಿದ್ದಾರೆ. ತೋಳನ್ನು ಚಾಚಿದರಾಯಿತು, ವೈದ್ಯರು ನೋಡಿ ಬರೆದುಕೊಡುತ್ತಾರೆ ಎಂಬುದು ಅವರ ಎಣಿಕೆ. ವಸ್ತುಸ್ಥಿತಿ ಹಾಗಿಲ್ಲ. ನೋಡಲು ಒಂದೇ ತೆರನಾದ ಎರಡು ಮಚ್ಚೆಗಳಲ್ಲಿ ಒಂದು ತುರಿಸುತ್ತದೆ, ಇನ್ನೊಂದು ತುರಿಸುವುದಿಲ್ಲ. ಒಂದು ವಾರದಲ್ಲಿ ಬಂದುದು, ಇನ್ನೊಂದು ವರ್ಷದಿಂದ ಇದ್ದುದು. ಈ ವ್ಯತ್ಯಾಸವನ್ನು ರೋಗಿಯ ಬಾಯಿಯೇ ಹೇಳಬೇಕು. ವೈದ್ಯರು ಹೇಳಿದ ಒಂದು ಹೆಸರನ್ನು ರೋಗಿಯ ಕಿವಿಯು ಹೇಗೆ ಹಿಡಿದುಕೊಂಡಿತೆಂಬುದರ ಮೇಲೆ ಒಂದು ಮನೆಯ ನೆಮ್ಮದಿಯೇ ನಿಂತಿರುವುದೂ ಉಂಟು.

ಕೋಡ ಮತ್ತು ಕೋಢ್

ಓದುಗರು ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಗಂಡನದು ವರ್ಗಾವಣೆಯ ನೌಕರಿ. ಹೆಂಡತಿ ಹಾಸನದ ಕಡೆಯವರು, ಮರಾಠಿ ಬಾರದು, ಹಿಂದಿ ಟಿ.ವಿ.ಯಿಂದ ಕಲಿತಷ್ಟು. ಹಣೆಯ ನಡುವೆ ಕಡಲೆಕಾಳಿನಷ್ಟು ಜಾಗ ಬೆಳ್ಳಗಾಗಿದೆ. ಗಂಡನಿಗೆ ರಜೆ ಸಿಕ್ಕದ ದಿನ ಆಕೆ ಒಬ್ಬರೇ ವೈದ್ಯರಲ್ಲಿಗೆ ಹೋಗುತ್ತಾರೆ. ವೈದ್ಯರು ಸಜ್ಜನರು, ಅರ್ಧ ಮರಾಠಿ ಅರ್ಧ ಹಿಂದಿಯಲ್ಲಿ ಸಾವಧಾನವಾಗಿಯೇ ವಿಚಾರಿಸುತ್ತಾರೆ. 'ಟಿಕಲಿ' ಬಳಸುವಿರಾ ಎಂದು ಕೇಳುತ್ತಾರೆ. ಟಿಕಲಿ ಎಂದರೆ ಗುಳಿಗೆಯಿರಬೇಕೆಂದು ಬಗೆದು ಆಕೆ ಇಲ್ಲವೆನ್ನುತ್ತಾರೆ. ಕೊನೆಗೆ ವೈದ್ಯರು ಇದು 'ಕೋಡ'ದ ಜಾತಿಯದು, ಹೆದರಬೇಡಿ ಎನ್ನುತ್ತಾರೆ. ಹೆದರಬೇಡಿ ಎಂಬ ಮಾತು ಕಿವಿಗೆ ಬೀಳುವ ಮೊದಲೇ ಆಕೆಯ ಎದೆ ಒಡೆದಿರುತ್ತದೆ. ಏಕೆಂದರೆ ಆಕೆ ಹಿಂದಿಯ ಚಲನಚಿತ್ರಗಳಲ್ಲಿ ಕೇಳಿರುವ 'ಕೋಢ್' ಎಂದರೆ ಕುಷ್ಠರೋಗ. ಆ ರಾತ್ರಿ ಆಕೆ ತನ್ನ ತಟ್ಟೆಲೋಟವನ್ನು ಬೇರೆಯಾಗಿ ತೊಳೆದಿಡುತ್ತಾರೆ, ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುವುದಿಲ್ಲ. ಊರಿನಲ್ಲಿ ತಂಗಿಯ ಮದುವೆಯ ಮಾತುಕತೆ ನಡೆದಿರುವುದರಿಂದ ತಾಯಿಗೆ ಫೋನು ಮಾಡಲೂ ಬಾಯಿ ಬಾರದು.

ಮರಾಠಿಯಲ್ಲಿ ಕೋಡ ಎಂದರೆ ಚರ್ಮದ ಬಣ್ಣ ಹೋಗಿ ಬೆಳ್ಳಗಾಗುವುದು, ಅಂದರೆ ಕನ್ನಡಿಗರು ತೊನ್ನು ಎನ್ನುವುದು, ವೈದ್ಯರು ವಿಟಿಲಿಗೊ ಎಂದು ಬರೆಯುವುದು. ಹಿಂದಿಯಲ್ಲಿ ಕೋಢ್ ಎಂದರೆ ಕುಷ್ಠ. ಎರಡೂ ಸಂಸ್ಕೃತದ ಕುಷ್ಠ ಶಬ್ದದಿಂದಲೇ ಹುಟ್ಟಿ ಬೇರೆಬೇರೆ ಮನೆ ಸೇರಿದ ಮಾತುಗಳು. ಮರಾಠಿ ಹಿಂದಿಗಳೆರಡೂ ಒಂದೇ ಬೀದಿಯಲ್ಲಿ ನಡೆಯುವ ನಾಗಪುರದಂತಹ ಊರಿನಲ್ಲಿ ಈ ಎರಡು ಶಬ್ದಗಳು ಹೊಸಬರ ಕಿವಿಗೆ ಒಂದೇ ಆಗಿ ಕೇಳುವುದರಲ್ಲಿ ಆಶ್ಚರ್ಯವಿಲ್ಲ. ಸ್ಥಳೀಯರಿಗೆ ಈ ತೊಡಕು ಇಲ್ಲ. ಕುಷ್ಠವನ್ನು ಸೂಚಿಸಲು ಮರಾಠಿಗರಿಗೆ ಮಹಾರೋಗ ಎಂಬ ಬೇರೆ ಮಾತೇ ಇದೆ.

ಈ ಗೊಂದಲವು ಇಂದಿನದಲ್ಲ. ಆಯುರ್ವೇದದಲ್ಲಿ ಕುಷ್ಠವೆಂಬುದು ಒಂದೇ ರೋಗದ ಹೆಸರಾಗಿರಲಿಲ್ಲ. ಚರಕಸಂಹಿತೆಯು ಏಳು ಮಹಾಕುಷ್ಠ, ಹನ್ನೊಂದು ಕ್ಷುದ್ರಕುಷ್ಠ ಎಂದು ಹದಿನೆಂಟು ಬಗೆಗಳನ್ನು ಎಣಿಸುತ್ತದೆ. ಇಂದು ಇಸುಬು, ಸೋರಿಯಾಸಿಸ್, ಹುಳುಕಡ್ಡಿ ಎಂದು ಬೇರೆಬೇರೆಯಾಗಿ ಗುರುತಿಸುವ ಎಷ್ಟೋ ವ್ಯಾಧಿಗಳು ಅಂದು ಆ ಒಂದೇ ಛತ್ರಿಯ ಕೆಳಗೆ ಇದ್ದುವು. ಬಿಳಿ ಮಚ್ಚೆಗೆ ಶ್ವಿತ್ರ ಎಂಬ ಪ್ರತ್ಯೇಕ ಹೆಸರಿದ್ದರೂ ಜನರ ಬಾಯಿಯಲ್ಲಿ ಅದು ಶ್ವೇತಕುಷ್ಠವಾಗಿ ಕುಷ್ಠದ ಕಳಂಕವನ್ನು ಹೊತ್ತುಕೊಂಡಿತು. ಕನ್ನಡದ ತೊನ್ನು ಎಂಬ ಮಾತೂ ಹಳೆಯ ಬಳಕೆಯಲ್ಲಿ ಎರಡು ರೋಗಗಳಿಗೂ ಸಂದದ್ದುಂಟು. ಆದುದರಿಂದ ಕನ್ನಡ ನಾಡಿನಲ್ಲಿಯೇ ಇದ್ದಿದ್ದರೂ ಆ ಗೃಹಿಣಿಗೆ ಭಯವು ತಪ್ಪುತ್ತಿತ್ತೆಂದು ಹೇಳಲಾಗದು. ಆದರೆ ಪ್ರಶ್ನೆ ಕೇಳುವ ಧೈರ್ಯವು ಇರುತ್ತಿತ್ತು.

ತೊನ್ನು ಅಂಟುರೋಗವಲ್ಲ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ನಾಶವಾದುದರಿಂದ ಆಗುವ ಬದಲಾವಣೆ ಅದು. ಬಹುತೇಕ ಸಂದರ್ಭಗಳಲ್ಲಿ ದೇಹದ ರಕ್ಷಣಾಶಕ್ತಿಯೇ ತನ್ನ ಕೋಶಗಳ ಮೇಲೆ ತಿರುಗಿ ಬೀಳುವುದರಿಂದ ಹೀಗಾಗುತ್ತದೆ. ಮುಟ್ಟಿದರೆ, ಜೊತೆಯಲ್ಲಿ ಉಂಡರೆ, ಬಟ್ಟೆ ಹಂಚಿಕೊಂಡರೆ ಇನ್ನೊಬ್ಬರಿಗೆ ಬರುವುದಿಲ್ಲ. ಇಂಥವರಲ್ಲಿ ಥೈರಾಯ್ಡ್ ಗ್ರಂಥಿಯ ತೊಂದರೆಯು ಇತರರಿಗಿಂತ ಹೆಚ್ಚಾಗಿ ಕಂಡುಬರುವುದರಿಂದ ವೈದ್ಯರು ರಕ್ತಪರೀಕ್ಷೆಗೆ ಬರೆದುಕೊಡುವುದುಂಟು. ರಕ್ತ ಕೆಟ್ಟಿದೆಯೆಂದು ಅದರ ಅರ್ಥವಲ್ಲ. ಹಣೆಯ ಮಚ್ಚೆಗೆ ಇನ್ನೊಂದು ಕಾರಣವೂ ಇರಬಹುದು. ಅಂಟಿಸಿಕೊಳ್ಳುವ ಬೊಟ್ಟಿನ ಗೋಂದಿನಲ್ಲಿರುವ ಬ್ಯುಟೈಲ್ ಫೀನಾಲ್ ಎಂಬ ರಾಸಾಯನಿಕವು ಕೆಲವರಲ್ಲಿ ಆ ಬಣ್ಣದ ಕೋಶಗಳನ್ನು ಕೊಲ್ಲುತ್ತದೆಂದು ಭಾರತದ ಚರ್ಮತಜ್ಞರು ಬಹುಕಾಲದಿಂದ ಕಂಡುಕೊಂಡಿದ್ದಾರೆ. ಮರಾಠಿಯ ಟಿಕಲಿ ಎಂದರೆ ಹಣೆಯ ಬೊಟ್ಟೇ! ಬೊಟ್ಟನ್ನು ಬಿಟ್ಟೊಡನೆ ಕೆಲವರಿಗೆ ಬಣ್ಣವು ಮರಳುತ್ತದೆ, ಕೆಲವರಿಗೆ ಔಷಧ ಬೇಕಾಗುತ್ತದೆ. ವೈದ್ಯರು ಕೇಳಿದ ಅತ್ಯಂತ ಮುಖ್ಯವಾದ ಪ್ರಶ್ನೆಗೆ ಆಕೆ ಇಲ್ಲವೆಂದು ಉತ್ತರಿಸಿ, ಮರುದಿನವೂ ಅದೇ ಸ್ಥಳಕ್ಕೆ ಅದೇ ಬೊಟ್ಟನ್ನು ಅಂಟಿಸಿಕೊಂಡರೆ ಮುಲಾಮು ಏನು ಮಾಡೀತು?

ಇನ್ನು ಕುಷ್ಠವೇ ಆಗಿದ್ದರೂ ಅದು ಇಂದು ಎದೆಯೊಡೆಯಬೇಕಾದ ರೋಗವಲ್ಲ. ನಾರ್ವೆ ದೇಶದ ಹ್ಯಾನ್ಸೆನ್ ಅದರ ರೋಗಾಣುವನ್ನು 1873ರಲ್ಲಿ ಕಂಡುಹಿಡಿದರು. ಹಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 1981ರಲ್ಲಿ ಶಿಫಾರಸು ಮಾಡಿದ ಮೇಲೆ ರೋಗದ ಬಗೆಯನ್ನನುಸರಿಸಿ ಆರು ಇಲ್ಲವೆ ಹನ್ನೆರಡು ತಿಂಗಳಲ್ಲಿ ಅದು ಗುಣವಾಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಕ್ಕೆ ಹಣವಿಲ್ಲ. ಬಹುಪಾಲು ಜನರ ದೇಹವು ಆ ರೋಗಾಣುವನ್ನು ತಾನೇ ಗೆಲ್ಲುತ್ತದೆ. ತಡಮಾಡಿದರೆ ಮಾತ್ರ ನರಗಳು ಕೆಟ್ಟು ಕೈಕಾಲುಗಳಿಗೆ ಊನ ಬರುತ್ತದೆ. ಕಾನೂನು ಸಹ ನಿಧಾನವಾಗಿಯಾದರೂ ಕಣ್ಣು ತೆರೆದಿದೆ: 1898ರ ಕುಷ್ಠರೋಗಿಗಳ ಕಾಯಿದೆಯು 2016ರಲ್ಲಿ ರದ್ದಾಯಿತು, ಕುಷ್ಠವನ್ನು ವಿವಾಹವಿಚ್ಛೇದನಕ್ಕೆ ಕಾರಣವೆಂದು ಹೇಳುತ್ತಿದ್ದ ಷರತ್ತನ್ನು 2019ರಲ್ಲಿ ತೆಗೆದುಹಾಕಲಾಯಿತು.

ವಿದರ್ಭದ ಈ ಭಾಗದಲ್ಲಿ ನೆಲೆಸಿದವರಿಗೆ ಇನ್ನೊಂದು ಸಂಗತಿಯೂ ತಿಳಿದಿರುವುದು ಒಳ್ಳೆಯದು. ಕುಷ್ಠರೋಗಿಗಳ ಸೇವೆಯಲ್ಲಿ ಇಡೀ ದೇಶಕ್ಕೆ ದಾರಿ ತೋರಿದ ನೆಲ ಇದು. ವರ್ಧಾ ಸಮೀಪದ ದತ್ತಪುರದಲ್ಲಿ ಮನೋಹರ ದಿವಾಣರು 1936ರಲ್ಲಿ ಕೆಲಸ ಆರಂಭಿಸಿದರು. ಸೇವಾಗ್ರಾಮದಲ್ಲಿ ಗಾಂಧೀಜಿಯವರು ಸಂಸ್ಕೃತ ಪಂಡಿತ ಪರಚುರೆ ಶಾಸ್ತ್ರಿಗಳಿಗೆ ತಮ್ಮ ಕೈಯಿಂದಲೇ ಮಾಲೀಸು ಮಾಡುತ್ತಿದ್ದರು. ವರೋರಾದ ಬಳಿ ಆನಂದವನವನ್ನು ಕಟ್ಟಿದ ಬಾಬಾ ಆಮ್ಟೆ ಅವರ ಸಂಸ್ಥೆಯ ಹೆಸರೇ ಮಹಾರೋಗಿ ಸೇವಾ ಸಮಿತಿ. ಅದು 1949ರಲ್ಲಿ ಸ್ಥಾಪಿತವಾಯಿತು. ಭಾನುವಾರ ಆನಂದವನಕ್ಕೆ ಮಕ್ಕಳೊಡನೆ ಹೋಗಿಬರುವ ಕುಟುಂಬವು ಸೋಮವಾರ ಹಣೆಯ ಮಚ್ಚೆಗೆ ತಟ್ಟೆಯನ್ನು ಬೇರೆಮಾಡುವುದು ವಿಚಿತ್ರವಾಗಿ ತೋರಬಹುದು. ಆದರೆ ಭಯವು ಹಾಗೆಯೇ. ಕಂಡದ್ದಕ್ಕಿಂತ ಕೇಳಿದ್ದನ್ನು ಬೇಗ ನಂಬುತ್ತದೆ.

ಎರಡು ರೋಗಗಳನ್ನು ಬೇರ್ಪಡಿಸಲು ವೈದ್ಯರು ಮಾಡುವ ಮೊದಲ ಪರೀಕ್ಷೆಗೆ ಭಾಷೆಯೇ ಬೇಡ. ರೋಗಿಯ ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಮಚ್ಚೆಯನ್ನು ಸೋಕುತ್ತಾರೆ. ಸೋಕಿದ ಜಾಗವನ್ನು ರೋಗಿಯು ಬೆರಳಿನಿಂದ ತೋರಿಸಬೇಕು. ತೊನ್ನಿನಲ್ಲಿ ಸ್ಪರ್ಶಜ್ಞಾನವು ಸರಿಯಾಗಿರುತ್ತದೆ, ಕುಷ್ಠದ ಮಚ್ಚೆಯಲ್ಲಿ ಅದು ಕುಂದಿರುತ್ತದೆ. ತೊನ್ನಿನ ಬಿಳುಪು ಹಾಲಿನಂತೆ ಪೂರ್ಣವಾದುದು. ಕುಷ್ಠದ ಮಚ್ಚೆ ಸಾಮಾನ್ಯವಾಗಿ ಮಾಸಲು, ಕೆಲವೊಮ್ಮೆ ಕೆಂಪು ಛಾಯೆಯದು. ಕತ್ತಲೆಯ ಕೋಣೆಯಲ್ಲಿ ವುಡ್ಸ್ ದೀಪವೆಂಬ ನೇರಳಾತೀತ ಬೆಳಕನ್ನು ಹಾಯಿಸಿದರೆ ತೊನ್ನು ಹೊಳೆಯುತ್ತದೆ. ಈ ಪರೀಕ್ಷೆಗಳನ್ನು ಮಾಡಿದ್ದನ್ನು ಕಂಡ ರೋಗಿಯು ಫಲವೇನೆಂದು ಕೇಳಲು ಸಂಕೋಚಪಡಬಾರದು. ಮರಾಠಿಯೂ ಬಾರದೆ ಹಿಂದಿಯೂ ಬಾರದೆ ಹೋದರೆ ಕಾಗದವನ್ನು ಮುಂದಿಟ್ಟು ರೋಗದ ಹೆಸರನ್ನು ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಬರೆಯಿರೆಂದು ಸನ್ನೆಯಿಂದ ಬೇಡಬಹುದು. ಬರೆದ ಹೆಸರು ಕಿವಿಯಲ್ಲಿ ಕೆಡುವುದಿಲ್ಲ.

ಮಾತಿನ ಬಲೆಗಳು

ಮರಾಠಿಯಲ್ಲಿ ಜೋಮು ಹಿಡಿದ, ಸ್ಪರ್ಶ ತಿಳಿಯದ ಅಂಗಕ್ಕೆ ಬಧೀರ ಎನ್ನುತ್ತಾರೆ. ಕನ್ನಡದಲ್ಲಿ ಬಧಿರನೆಂದರೆ ಕಿವುಡ. ಕಾಲಿನ ಮಚ್ಚೆಯನ್ನು ತೋರಿಸಿ 'ಬಧೀರ ವಾಟತೇ ಕಾ' ಎಂದು ಕೇಳಿದರೆ ಸಂಸ್ಕೃತ ಬಲ್ಲ ಕನ್ನಡಿಗನು ತನ್ನ ಕಿವಿ ಚೆನ್ನಾಗಿದೆಯೆಂದು ತಲೆಯಾಡಿಸಿಯಾನು. ಕುಷ್ಠವನ್ನು ಬೇಗ ಹಿಡಿಯಬಲ್ಲ ಮುಖ್ಯವಾದ ಪ್ರಶ್ನೆಯು ಅಲ್ಲಿಗೆ ವ್ಯರ್ಥವಾಯಿತು. ಮಚ್ಚೆಗೆ ಮರಾಠಿಯಲ್ಲಿ ಚಟ್ಟಾ ಎಂಬ ಹೆಸರೂ ಇದೆ. ಮೊದಲ ಬಾರಿಗೆ ಆ ಮಾತನ್ನು ಆಸ್ಪತ್ರೆಯಲ್ಲಿ ಕೇಳಿದ ಕನ್ನಡಿಗನಿಗೆ ಚಟ್ಟದ ನೆನಪಾಗಿ ಮೈ ಜುಮ್ಮೆಂದರೆ ತಪ್ಪೇನೂ ಇಲ್ಲ.

ಕನ್ನಡಿಗರ ಕಡೆಯಿಂದ ಆಗುವ ತಪ್ಪುಗಳೂ ಇವೆ. ಧಾರವಾಡದ ಕಡೆಯವರು ತುರಿಕೆಗೆ ಮೈ ಕಡಿಯುತ್ತದೆ ಎನ್ನುತ್ತಾರೆ. ಅದನ್ನೇ ಹಿಂದಿಗೆ ತಿರುಗಿಸಿ 'ಕಾಟತಾ ಹೈ' ಎಂದರೆ ವೈದ್ಯರು ಹಾಸಿಗೆಯಲ್ಲಿ ತಿಗಣೆಯಿದೆಯೆ, ಮನೆಯಲ್ಲಿ ನಾಯಿಯಿದೆಯೆ ಎಂದು ವಿಚಾರಿಸಲು ತೊಡಗುತ್ತಾರೆ. ಹೇಳಬೇಕಾದುದು ಹಿಂದಿಯಲ್ಲಿ ಖುಜಲಿ, ಮರಾಠಿಯಲ್ಲಿ ಖಾಜ. ಹುಳುಕಡ್ಡಿಯನ್ನು ವಿವರಿಸುವಾಗ ಹುಳುವಿನ ಮಾತೆತ್ತುವುದೂ ಹೀಗೆಯೇ. ಆ ರೋಗದಲ್ಲಿ ಹುಳುವಿಲ್ಲ, ಅದು ಬೂಷ್ಟಿನ ಜಾತಿಯ ಶಿಲೀಂಧ್ರದಿಂದ ಬರುವಂಥದು. ಪಿತ್ತವೆಂದರೆ ಕನ್ನಡಿಗನಿಗೆ ಹೊಟ್ಟೆ ತೊಳಸುವುದು, ತಲೆ ಸುತ್ತುವುದು ನೆನಪಾಗುತ್ತದೆ. ಮರಾಠಿಗರು ಮೈಮೇಲೆ ಪಿತ್ತ ಎದ್ದಿತೆಂದರೆ ಅದು ಗಂಧೆ. ಗಂಧೆಗೆ ಒಂದು ಕೆಟ್ಟ ಗುಣವಿದೆ: ರಾತ್ರಿ ಮೈತುಂಬ ಎದ್ದುದು ಬೆಳಿಗ್ಗೆ ವೈದ್ಯರ ಸರದಿ ಬರುವ ಹೊತ್ತಿಗೆ ಮಾಯವಾಗಿರುತ್ತದೆ. ಭಾಷೆಯೂ ಇಲ್ಲ, ತೋರಿಸಲು ಗುರುತೂ ಇಲ್ಲವಾದರೆ ರೋಗಿಯ ಪಾಡೇನು? ಇಂದು ಪ್ರತಿಯೊಬ್ಬರ ಕೈಯಲ್ಲಿಯೂ ಮೊಬೈಲ್ ಫೋನು ಇರುವುದರಿಂದ ಎದ್ದಾಗಲೇ ಚಿತ್ರ ತೆಗೆದಿಟ್ಟುಕೊಳ್ಳಬೇಕು.

ಕೆಲವು ಮಾತುಗಳು ಮಾತ್ರ ಎರಡು ಭಾಷೆಗಳಲ್ಲಿಯೂ ಕೈಹಿಡಿಯುತ್ತವೆ. ಇಸುಬಿಗೆ ಮರಾಠಿಯಲ್ಲಿಯೂ ಇಸಬ. ಗಜಕರ್ಣವು ಅಲ್ಲಿಯೂ ಗಜಕರ್ಣವೇ. ಕನ್ನಡದ ಸರ್ಪಸುತ್ತು ಮರಾಠಿಗೆ ಹೋಗಿ ನಾಗೀಣವಾದರೂ ಹಾವು ಹಾವೇ. ಹಾವಿನ ಹೆಡೆಯೂ ಬಾಲವೂ ಕೂಡಿದರೆ ಸಾವು ಎಂಬ ನಂಬಿಕೆಯೂ ಎರಡು ಕಡೆಗಳಲ್ಲಿ ಒಂದೇ ಆಗಿದೆ. ಬಾಲ್ಯದಲ್ಲಿ ಬಂದುಹೋದ ಸೀತಾಳೆ ಸಿಡುಬಿನ ವೈರಸ್ಸು ನರದ ಬುಡದಲ್ಲಿ ಅಡಗಿದ್ದು ಮುಂದೆಂದೋ ಎಚ್ಚತ್ತು ಆ ನರದ ಹಾದಿಯಲ್ಲಿ ಗುಳ್ಳೆಗಳನ್ನು ಎಬ್ಬಿಸುವುದೇ ಸರ್ಪಸುತ್ತು. ನರವು ದೇಹದ ಒಂದೇ ಪಾರ್ಶ್ವದಲ್ಲಿರುವುದರಿಂದ ಸಾಮಾನ್ಯವಾಗಿ ಅದು ಸುತ್ತು ಪೂರೈಸುವುದೇ ಇಲ್ಲ. ಇಲ್ಲಿ ಹಾವಿಗಿಂತ ಗಡಿಯಾರಕ್ಕೆ ಹೆಚ್ಚು ಹೆದರಬೇಕು. ಗುಳ್ಳೆ ಕಂಡ 72 ಗಂಟೆಗಳೊಳಗೆ ವೈರಸ್ ನಿರೋಧಕ ಗುಳಿಗೆ ಆರಂಭಿಸಿದರೆ ಹೆಚ್ಚಿನ ಪ್ರಯೋಜನ. ಹಿಂದಿ ಬಲ್ಲ ಮಗನು ಪ್ರವಾಸದಿಂದ ಬರಲೆಂದು ವೃದ್ಧರು ನಾಲ್ಕು ದಿನ ಕಾದರೆ ಆ ಅವಕಾಶವು ಕಳೆದುಹೋಗುತ್ತದೆ. ಗುಳ್ಳೆಗಳು ಕಣ್ಣಿನ ಹತ್ತಿರವಿದ್ದರಂತೂ ಭಾಷೆ ಬಂದರೂ ಬಾರದಿದ್ದರೂ ಆ ದಿನವೇ ಹೋಗಬೇಕು.

ಅಂಗಡಿಯ ಮುಲಾಮು

ವೈದ್ಯರ ಮುಂದೆ ಮಾತು ಬಾರದೆಂಬ ಸಂಕೋಚದಿಂದ ನೇರವಾಗಿ ಔಷಧದ ಅಂಗಡಿಗೆ ಹೋಗುವವರೇ ಹೆಚ್ಚು. ಅಲ್ಲಿ ತೋಳನ್ನು ತೋರಿಸಿದರೆ ಸಾಕು, ಮಾತೇ ಬೇಕಿಲ್ಲ. ಮೂರು ಔಷಧಗಳು ಬೆರೆತ ಮುಲಾಮಿನ ಕೊಳವೆ ಕೈಗೆ ಬರುತ್ತದೆ. ಶಿಲೀಂಧ್ರಕ್ಕೊಂದು, ರೋಗಾಣುವಿಗೊಂದು, ಜೊತೆಗೆ ಬಲವಾದ ಒಂದು ಸ್ಟೀರಾಯ್ಡ್. ಹಚ್ಚಿದ ಎರಡನೆಯ ದಿನವೇ ನವೆ ನಿಲ್ಲುವುದರಿಂದ ಅಂಗಡಿಯವನು ಧನ್ವಂತರಿಯಾಗಿ ಕಾಣುತ್ತಾನೆ. ನಿಂತದ್ದು ನವೆಯೇ ಹೊರತು ರೋಗವಲ್ಲ. ಸ್ಟೀರಾಯ್ಡು ಚರ್ಮದ ರಕ್ಷಣೆಯನ್ನು ಮಲಗಿಸುವುದರಿಂದ ಶಿಲೀಂಧ್ರವು ಸದ್ದಿಲ್ಲದೆ ಹಬ್ಬುತ್ತದೆ; ಮುಲಾಮು ಬಿಟ್ಟೊಡನೆ ಇಮ್ಮಡಿಯಾಗಿ ಹೊರಬೀಳುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮವು ತೆಳುವಾಗಿ, ತೊಡೆಯ ಸಂದಿಗಳಲ್ಲಿ ಮಾಯದ ಬಿರುಕುಗೆರೆಗಳು ಮೂಡುತ್ತವೆ. ಮುಖಕ್ಕೆ ಹಚ್ಚಿದರೆ ಕೆಂಪೇರಿ ಮೊಡವೆಯೂ ಕೂದಲೂ ಬರುತ್ತವೆ. ಉಂಗುರದಂತಿದ್ದ ಗುರುತು ಅಳಿಸಿಹೋಗಿ, ಕಡೆಗೆ ವೈದ್ಯರಲ್ಲಿಗೆ ಹೋದಾಗ ಅವರಿಗೂ ರೋಗವನ್ನು ಗುರುತಿಸುವುದು ಕಷ್ಟವಾಗುತ್ತದೆ. ಇಂದು ಭಾರತದಲ್ಲೆಲ್ಲ ಹುಳುಕಡ್ಡಿಯು ಹಿಂದಿನಂತೆ ಹದಿನೈದು ದಿನಗಳಲ್ಲಿ ಬಗ್ಗದಿರುವುದಕ್ಕೆ ಇಂತಹ ಮುಲಾಮುಗಳ ಬಳಕೆಯೂ ಒಂದು ಕಾರಣವೆಂದು ಚರ್ಮತಜ್ಞರು ಎಚ್ಚರಿಸುತ್ತಿದ್ದಾರೆ.

ಕೇಂದ್ರ ಸರ್ಕಾರವು 2018ರಲ್ಲಿ ಇಂತಹ ಅನೇಕ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ನಿಯಮವು ಕಾಗದದ ಮೇಲಿದೆ, ಕೊಳವೆಯು ಗಿರಾಕಿಯ ಕೈಯಲ್ಲಿದೆ. ಕೊಳವೆಯ ಮೇಲೆ ಕ್ಲೋಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್ ಎಂಬ ಹೆಸರುಗಳಿದ್ದರೆ ಅದು ಸ್ಟೀರಾಯ್ಡ್ ಎಂದು ತಿಳಿಯಬೇಕು. ಇವು ವಿಷವಲ್ಲ, ಇಸುಬಿಗೂ ತೊನ್ನಿಗೂ ವೈದ್ಯರೇ ಇವನ್ನು ಅಳತೆಯರಿತು ಕೊಡುತ್ತಾರೆ. ಅಳತೆಯಿಲ್ಲದಿರುವುದೇ ದೋಷ. ಈಗಾಗಲೇ ಹಚ್ಚಿಯಾಗಿದ್ದರೆ ಆ ಖಾಲಿ ಕೊಳವೆಯನ್ನು ಎಸೆಯದೆ ವೈದ್ಯರ ಮೇಜಿನ ಮೇಲಿಡಬೇಕು. ಬಯ್ಯುತ್ತಾರೆಂದು ಬಚ್ಚಿಡುವವರುಂಟು, ಒಂದೆರಡು ಮಾತು ಬಯ್ದರೂ ಚಿಂತೆಯಿಲ್ಲ, ಹೇಗೂ ಮರಾಠಿಯಲ್ಲವೆ?

ಜೊತೆಗೆ ಹೋಗುವವರು ಯಾರು?

ವಲಸೆ ಬಂದ ಮನೆಗಳಲ್ಲಿ ಊರಿನ ಭಾಷೆಯನ್ನು ಮೊದಲು ಕಲಿಯುವವರು ಮಕ್ಕಳು. ಆದುದರಿಂದ ಐದನೆಯ ತರಗತಿಯ ಮಗಳೇ ತಾಯಿಯ ದುಭಾಷಿಯಾಗುವುದು ಸಾಮಾನ್ಯವಾಗಿದೆ. ಜಾಣತನವನ್ನು ಮೆಚ್ಚಬಹುದು, ಪದ್ಧತಿಯನ್ನು ಮೆಚ್ಚಲಾಗದು. ತೊಡೆಯ ಸಂದಿಯ ತುರಿಕೆಯನ್ನು ತಾಯಿಯು ಮಗುವಿನ ಮೂಲಕ ಹೇಳಿಯಾಳೆ? ಕೈಯ ಮೇಲಿನ ಸಣ್ಣ ಗುರುತನ್ನು ತೋರಿಸಿ ಮುಖ್ಯವಾದುದನ್ನು ಮುಚ್ಚಿಟ್ಟುಕೊಂಡು ಹಿಂದಿರುಗುತ್ತಾಳೆ. ವೈದ್ಯರು ಗರ್ಭಿಣಿಯೆ, ಮುಟ್ಟು ಎಂದಾಯಿತು ಎಂದು ಕೇಳಿದರೆ ಮಗುವಿಗೆ ಆ ಮಾತುಗಳೇ ತಿಳಿಯವು. ಈ ಪ್ರಶ್ನೆಯು ಶಿಷ್ಟಾಚಾರಕ್ಕಾಗಿ ಕೇಳುವುದಲ್ಲ: ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್, ಸೋರಿಯಾಸಿಸ್ಸಿಗೆ ಕೊಡುವ ಮೆಥೊಟ್ರೆಕ್ಸೇಟ್ ಮೊದಲಾದವು ಗರ್ಭದಲ್ಲಿರುವ ಶಿಶುವಿಗೆ ಘೋರವಾದ ಹಾನಿಯನ್ನುಂಟುಮಾಡುತ್ತವೆ.

ಗಂಡನು ಜೊತೆಗಿದ್ದರೆ ಎಲ್ಲವೂ ಸರಿಹೋಯಿತೆಂದೂ ಅಲ್ಲ. ಹೆಂಡತಿಯು ಎರಡು ನಿಮಿಷ ಹೇಳಿದುದನ್ನು ಅವನು ಎರಡು ಮಾತಿನಲ್ಲಿ ಮುಗಿಸುತ್ತಾನೆ. ವೈದ್ಯರು ಹೇಳಿದುದರಲ್ಲಿ ತನಗೆ ಮುಖ್ಯವೆಂದು ತೋರಿದುದನ್ನಷ್ಟೇ ಮನೆಗೆ ಬಂದ ಮೇಲೆ ತಿಳಿಸುತ್ತಾನೆ. ಭಾಷೆ ಬಲ್ಲ, ಅದೇ ಲಿಂಗದ, ಬಾಯಿ ಬಿಗಿಯಿರುವ ಒಬ್ಬ ವಯಸ್ಕರು ಸಿಕ್ಕಿದರೆ ಅದಕ್ಕಿಂತ ಉತ್ತಮವಾದುದಿಲ್ಲ. ಬೆಳಗಾವಿ ನಿಪ್ಪಾಣಿಗಳ ಕಡೆಯಿಂದ ಬಂದ ಹೆಂಗಸರು ಮರಾಠಿಯನ್ನು ಚೆನ್ನಾಗಿ ಬಲ್ಲವರು, ಕನ್ನಡದಲ್ಲಿ ಕಷ್ಟವನ್ನು ಕೇಳಬಲ್ಲವರು. ಪ್ರತಿಯೊಂದು ಊರಿನ ಕನ್ನಡ ಸಂಘವೂ ಅಂತಹ ನಾಲ್ಕಾರು ಸದಸ್ಯೆಯರ ಪಟ್ಟಿಯನ್ನು ಇಟ್ಟುಕೊಂಡರೆ ರಾಜ್ಯೋತ್ಸವದ ಒಂದು ಹಾರದ ಖರ್ಚೂ ತಗಲುವುದಿಲ್ಲ. ಅಮೆರಿಕಾದಲ್ಲಿ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಭಾಷೆ ಬಾರದ ರೋಗಿಗೆ ಉಚಿತವಾಗಿ ದುಭಾಷಿಯನ್ನು ಒದಗಿಸಬೇಕೆಂಬ ನಿಯಮವಿದೆ. ತುರ್ತು ಸಂದರ್ಭವಲ್ಲದೆ ಮಕ್ಕಳನ್ನು ದುಭಾಷಿಗಳನ್ನಾಗಿ ಬಳಸಬಾರದೆಂದು 2016ರಲ್ಲಿ ಅಲ್ಲಿ ನಿಯಮ ಮಾಡಿದರು. ಮಗನ ಮನೆಗೆಂದು ಅಲ್ಲಿಗೆ ಹೋಗುವ ತಂದೆತಾಯಿಗಳು ಈ ಸೌಲಭ್ಯವನ್ನು ಕೇಳಿ ಪಡೆಯಬಹುದು. ಮೊಬೈಲ್ ಫೋನಿನ ಭಾಷಾಂತರವು ಅನುಕೂಲವೇ ಆದರೂ ಕಡಿತ, ಬಧೀರಗಳಂತಹ ಮಾತುಗಳಲ್ಲಿ ಅದೂ ಎಡವಬಹುದು. ಮುಖ್ಯವಾದುದನ್ನು ಅದಕ್ಕೇ ಒಪ್ಪಿಸಿ ಕೂರಬಾರದು.

ಹೋಗುವ ಹಿಂದಿನ ದಿನ ಒಂದು ಹಾಳೆಯ ಮೇಲೆ ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಐದಾರು ಸಾಲುಗಳನ್ನು ಬರೆಯಿಸಿಕೊಳ್ಳುವುದು ಮೇಲು. ಮೊದಲು ಎಲ್ಲಿ ಕಂಡಿತು, ಯಾವ ತಿಂಗಳಲ್ಲಿ, ತುರಿಕೆಯಿದೆಯೆ, ಅದು ರಾತ್ರಿ ಹೆಚ್ಚುತ್ತದೆಯೆ, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೆ, ಏನೇನು ಹಚ್ಚಿಯಾಯಿತು, ಸಕ್ಕರೆ ಕಾಯಿಲೆ ರಕ್ತದೊತ್ತಡಗಳಿಗೆ ಯಾವ ಗುಳಿಗೆ ನಡೆದಿದೆ ಎಂಬಿಷ್ಟು ಸಾಕು. ರಾತ್ರಿ ಹೆಚ್ಚುವ, ಮನೆಮಂದಿಗೆಲ್ಲ ಹಬ್ಬಿರುವ ತುರಿಕೆಯೆಂದರೆ ವೈದ್ಯರಿಗೆ ಕಜ್ಜಿಯ ಅನುಮಾನ ಬರುತ್ತದೆ. ಮರಾಠಿಯಲ್ಲಿ ಅದು ಖರೂಜ. ಅದಕ್ಕೆ ಕೊಡುವ ಮುಲಾಮನ್ನು ತುರಿಕೆಯಿದ್ದವರೂ ಇಲ್ಲದವರೂ ಒಂದೇ ರಾತ್ರಿ ಕುತ್ತಿಗೆಯಿಂದ ಕಾಲಿನವರೆಗೆ ಹಚ್ಚಿಕೊಳ್ಳಬೇಕು. ತುರಿಸುವ ಬೆರಳಸಂದಿಗೆ ಮಾತ್ರ ಹಚ್ಚಿ, ಔಷಧ ನಾಟಲಿಲ್ಲವೆಂದು ವೈದ್ಯರನ್ನು ಬದಲಾಯಿಸುವುದು ಭಾಷೆ ತಿಳಿಯದ ಮನೆಗಳಲ್ಲಿ ಸುಲಭವಾಗಿ ಆಗುವ ತಪ್ಪು.

ಔಷಧದ ಲೆಕ್ಕ

ಎಲ್ಲಕ್ಕಿಂತ ಹೆಚ್ಚಿನ ಎಚ್ಚರಿಕೆಯು ಬೇಕಾದುದು ಇಲ್ಲಿ. ಸೋರಿಯಾಸಿಸ್ ಬಲವಾಗಿರುವವರಿಗೆ ಕೊಡುವ ಮೆಥೊಟ್ರೆಕ್ಸೇಟನ್ನು ವಾರಕ್ಕೆ ಒಂದೇ ದಿನ ನುಂಗತಕ್ಕದ್ದು. ಅದನ್ನು ಮರೆತು ಪ್ರತಿದಿನ ನುಂಗಿದರೆ ಮೂಳೆಯೊಳಗಿನ ಮಜ್ಜೆಯು ರಕ್ತಕಣಗಳನ್ನು ಮಾಡುವುದನ್ನು ನಿಲ್ಲಿಸುತ್ತದೆ, ಬಾಯಿತುಂಬ ಹುಣ್ಣಾಗುತ್ತದೆ, ಪ್ರಾಣವೂ ಹೋಗಬಹುದು. ಜಗತ್ತಿನ ಅನೇಕ ದೇಶಗಳಲ್ಲಿ ಇಂತಹ ಸಾವುಗಳು ಸಂಭವಿಸಿವೆ, ಭಾಷೆ ಬಲ್ಲವರಲ್ಲಿಯೇ. ಈಗ ಮರಾಠಿಯನ್ನು ಗಮನಿಸಬೇಕು. ವಾರಕ್ಕೊಮ್ಮೆ ಎಂಬುದಕ್ಕೆ ಅಲ್ಲಿ 'ಆಠವಡ್ಯಾತೂನ ಏಕದಾ' ಎನ್ನುತ್ತಾರೆ. ಆಠ್ ರಸ್ತಾ ಚೌಕದಿಂದ ಎಂಟನ್ನು ಕಲಿತ ಕಿವಿಗೆ ಅದರಲ್ಲಿ ಎಂಟೂ ಒಂದೂ ಕೇಳಿಸುತ್ತವ. ಎಂಟು ದಿನ ದಿನಕ್ಕೊಂದು ಎಂದು ಅರ್ಥಮಾಡಿಕೊಂಡರೆ ಅನಾಹುತ. ಎಂಟು ದಿನ ಬಿಟ್ಟು ಬನ್ನಿ ಎಂದರೆ ವಾರ ಬಿಟ್ಟು ಬನ್ನಿ ಎಂಬ ಬಳಕೆಯು ಕನ್ನಡ ಮರಾಠಿಗಳೆರಡರಲ್ಲಿಯೂ ಇದ್ದರೂ ಗುಳಿಗೆಯ ವಿಷಯದಲ್ಲಿ ಆ ಸಾಮ್ಯವನ್ನು ನಂಬಿ ಕೂಡಬಾರದು.

ಇದಕ್ಕೆ ಉಪಾಯವು ಸರಳವಾಗಿದೆ. ಬ್ಯಾಂಕಿನ ಚೆಕ್ಕಿನಲ್ಲಿ ಮೊತ್ತವನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆಯಿಸುವುದು ಒಂದು ತಪ್ಪಿದರೆ ಇನ್ನೊಂದು ಹಿಡಿಯಲೆಂದು. ಔಷಧದ ಚೀಟಿಯಲ್ಲಿಯೂ ಎಷ್ಟು ಗುಳಿಗೆ ಎಂಬುದರ ಜೊತೆಗೆ ಯಾವ ವಾರ ಎಂಬುದನ್ನು ಬರೆಯಿಸಿಕೊಳ್ಳಬೇಕು. ಸೋಮವಾರ, ಬುಧವಾರ, ಶನಿವಾರಗಳು ಕನ್ನಡಕ್ಕೂ ಮರಾಠಿಗೂ ಒಂದೇ, ಭಾನುವಾರವೊಂದು ರವಿವಾರವಾಗುತ್ತದೆ. ಔಷಧಗಳ ಹೆಸರನ್ನು ಓದಲು ಬರುವಂತೆ, ಸಾಧ್ಯವಾದ ಮಟ್ಟಿಗೆ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದು ವೈದ್ಯಕೀಯ ಪರಿಷತ್ತಿನ ನಿಯಮಗಳಿಗೆ 2016ರಲ್ಲಿ ತಿದ್ದುಪಡಿ ಬಂದಿರುವುದರಿಂದ ಹಾಗೆ ಕೇಳುವುದು ಉದ್ಧಟತನವಲ್ಲ. ಚೀಟಿಯನ್ನು ಕೈಗೆ ತೆಗೆದುಕೊಂಡ ಮೇಲೆ ಎದ್ದು ಬರುವ ಮೊದಲು, ತಿಳಿದಷ್ಟನ್ನು ಬೆರಳು ಮಡಿಸಿ ವೈದ್ಯರಿಗೆ ತಿರುಗಿ ಒಪ್ಪಿಸಬೇಕು. ಹಣವನ್ನು ಎರಡು ಸಲ ಎಣಿಸದೆ ಕೌಂಟರು ಬಿಡದ ಜನರು ಔಷಧವನ್ನು ಒಮ್ಮೆಯೂ ಎಣಿಸದೆ ಬರುವುದು ಸೋಜಿಗವೇ ಸರಿ.

ವರ್ಗಾವಣೆಯ ಕಾಲದಲ್ಲಿ

ಚರ್ಮರೋಗದ ಚಿಕಿತ್ಸೆಯು ತಿಂಗಳುಗಳ ಲೆಕ್ಕದ್ದು, ನೌಕರಿಯ ವರ್ಗಾವಣೆಯು ವಾರಗಳ ಲೆಕ್ಕದ್ದು. ಪಾತ್ರೆಪಡಗಗಳನ್ನು ಲಾರಿಗೆ ಹೇರುವ ಗಡಿಬಿಡಿಯಲ್ಲಿ ಹಳೆಯ ಚೀಟಿಗಳು ರದ್ದಿಯ ಜೊತೆಗೆ ಹೋಗುವುದನ್ನು ಎಲ್ಲ ಮನೆಗಳಲ್ಲಿಯೂ ಕಾಣಬಹುದು. ಚೀಟಿ, ರಕ್ತಪರೀಕ್ಷೆಯ ವರದಿ, ಬಯಾಪ್ಸಿ ಮಾಡಿದ್ದರೆ ಅದರ ವರದಿ, ಖಾಲಿ ಕೊಳವೆ ಇವನ್ನೆಲ್ಲ ಒಂದು ಲಕೋಟೆಯಲ್ಲಿ ತಾರೀಖಿನ ಕ್ರಮದಲ್ಲಿಟ್ಟು ಕೈಚೀಲದಲ್ಲಿಯೇ ಒಯ್ಯಬೇಕು.

ಮೇಲೆ ಹೇಳಿದ ಗೃಹಿಣಿಯು ಎರಡನೆಯ ಸಲ ನೆರೆಮನೆಯ ನಿಪ್ಪಾಣಿಯ ಅಕ್ಕನವರನ್ನು ಕರೆದುಕೊಂಡು ಹೋದರೆಂದು ಇಟ್ಟುಕೊಳ್ಳಬಹುದು. ಟಿಕಲಿಯ ಅರ್ಥ ಹೊಳೆಯುತ್ತದೆ, ಕೋಡಕ್ಕೂ ಕೋಢಿಗೂ ಇರುವ ಅಂತರವು ತಿಳಿಯುತ್ತದೆ, ತಟ್ಟೆಲೋಟಗಳು ಮೊದಲಿನ ಜಾಗಕ್ಕೆ ಹೋಗುತ್ತವೆ. ಅಂಟು ಬೊಟ್ಟನ್ನು ಬಿಟ್ಟು, ಪ್ರತಿ ತಿಂಗಳ ಮೊದಲ ತಾರೀಖು ಕಿಟಕಿಯ ಬಳಿ ಅದೇ ಬೆಳಕಿನಲ್ಲಿ ನಿಂತು ಹಣೆಯ ಚಿತ್ರವನ್ನು ತೆಗೆಸಿಕೊಳ್ಳಬೇಕೆಂದು ವೈದ್ಯರು ಹೇಳುತ್ತಾರೆ. ಬಣ್ಣವು ಮೊದಲು ಸಣ್ಣ ಕಂದು ಚುಕ್ಕೆಗಳಾಗಿ ಮರಳುವುದರಿಂದ ದಿನದಿನ ಕನ್ನಡಿ ನೋಡುವವರಿಗೆ ಅದು ತಿಳಿಯುವುದಿಲ್ಲ. ತಿಂಗಳ ಚಿತ್ರಗಳನ್ನು ಅಕ್ಕಪಕ್ಕ ಇಟ್ಟಾಗ ಕಾಣುತ್ತದೆ. ಮುಂದೆ ಗಂಡನಿಗೆ ಹಾಸನಕ್ಕೇ ವರ್ಗವಾದರೂ ಅಲ್ಲಿನ ವೈದ್ಯರಿಗೆ ಮರಾಠಿ ತಿಳಿಯಬೇಕಾದ ಅಗತ್ಯವಿಲ್ಲ. ದೊಡ್ಡ ಅಕ್ಷರದಲ್ಲಿ ಬರೆದ ರೋಗದ ಹೆಸರು, ಔಷಧದ ಹೆಸರು ಮತ್ತು ತಾರೀಖು ಹಾಕಿದ ಆ ಚಿತ್ರಗಳಿದ್ದರೆ ಚಿಕಿತ್ಸೆಯು ನಾಗಪುರದಲ್ಲಿ ನಿಂತ ಸ್ಥಳದಿಂದಲೇ ಮುಂದುವರಿಯುತ್ತದೆ.